ಪದಯ್ಯನೂ ಸಿಂಗ್ರಯ್ಯನ ಮೈಕ್ ಸೆಟ್ಟೂ

ತಿಥಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೆ ಹೊರಟುಹೋಗಿದ್ದರು. ಬೆಳಗ್ಗೆ ಹಾಲಿನವನು ಎಂದಿನಂತೆ ಬಂದ. ನಲ್ಲಿ ನೀರು ಎಂದಿನಂತೆ ಅರ್ಧ ಕೊಡಕ್ಕೆ ನಿಂತಿತು. ಶೈಲಶ್ರೀ ಎರಡು ಲೋಟ ಕಾಫಿ ಬೆರೆಸಲು ಹೋಗಿ ಮೂರು ಬೆರೆಸಿದಳು. ಮೂರನೆಯದನ್ನು ಏನು ಮಾಡುವುದೆಂದು ನೋಡುತ್ತ ನಿಂತಿರುವಾಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಎದುರುಮನೆಯ ಸಿಂಗ್ರಯ್ಯ. ಮಂಡ್ಯದ ಆ ಬಡಾವಣೆಯಲ್ಲಿ ಮದುವೆಯಾಗಲಿ, ಚುನಾವಣೆಯಾಗಲಿ, ಕೂಗುವುದು ಅವರ ಮೈಕೇ.

"ಕಾಫಿ ಬ್ಯಾಡ ತಾಯಿ," ಅನ್ನುತ್ತ ಸಿಂಗ್ರಯ್ಯ ಲೋಟ ತೆಗೆದುಕೊಂಡರು. "ಕೇಳಕ್ಕೆ ಬಾಯ್ ಬರಾಕಿಲ್ಲ. ಎರಡೇ ದಿನ ಅಂತ ಮೇಷ್ಟ್ರು ಯುಗಾದಿಲಿ ನನ್ ಮೈಕ್ ಈಸ್ಕಂಡ್ರು. ಮಧ್ಯಾಹ್ನ ಒಂದ್ ಮದ್ವೆ ಒಪ್ಕಂಡಿವ್ನಿ..."

ಒಳಗಿನಿಂದ ಅತ್ತೆ ಚೆನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡೇ ಬಂದರು. "ಅದ ಕಿತ್ಕೊಂಡೋದ್ರೆ ನನ್ ಮಗನ ದನಿ ಎಲ್ಲಿಂದ ಬಂದಾತು? ಆಗಾಕಿಲ್ಲ ಸಿಂಗ್ರಣ್ಣ!"

ಮೇಷ್ಟ್ರು ಎಂದರೆ ಶೈಲಶ್ರೀಯ ಗಂಡ ಶಿವನಂಜು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವನು. ನಿನ್ನೆಯ ತಿಥಿ ಅವನದೇ. ಉಳಿದ ಹೊತ್ತೆಲ್ಲ ಯಂತ್ರ ಕಟ್ಟುತ್ತಿದ್ದ. ಕೊನೆಯದು ಪದಯ್ಯ. ಮಕ್ಕಳ ಮೂರು ಚಕ್ರದ ಸೈಕಲ್ಲಿನ ಕಾಲು, ಕೊಡೆಕಡ್ಡಿಯ ಕೈ, ಹೊಟ್ಟೆಯಲ್ಲಿ ಬ್ಯಾಟರಿ. ಗಂಟಲಲ್ಲಿ ಸಿಂಗ್ರಯ್ಯನ ಆಂಪ್ಲಿಫೈಯರ್, ತಲೆಯ ಮೇಲೆ ಸಿಂಗ್ರಯ್ಯನ ಹಾರ್ನು. ಬೇರೆ ಯಾವ ಆಂಪ್ಲಿಫೈಯರ್ ಸಿಕ್ಕಿಸಿದರೂ ಪದಯ್ಯ ಗೊರಗೊರ ಎಂದನೇ ಹೊರತು ಮಾತಾಡಿರಲಿಲ್ಲ. ಕಿವಿಗೆ ಒಂದು ಇಂಗ್ಲಿಷ್ ಪದ ಬಿದ್ದರೆ ಸಾಕು, ಅದರ ಹುಟ್ಟು, ಅರ್ಥ ಎಲ್ಲವನ್ನೂ ಶಿವನಂಜುವಿನ ದನಿಯಲ್ಲೇ ಹೇಳಿ, ಮಾಡಿಯೂ ತೋರಿಸಬೇಕು. ಮಾಡಿ ತೋರಿಸುವುದನ್ನು ಮಾತ್ರ ಇನ್ನೂ ಯಾರೂ ನೋಡಿರಲಿಲ್ಲ.

ಆ ದನಿ ಕೇಳಿದರೆ ತನಗೇನಾದೀತೋ ಎಂದು ಶೈಲಶ್ರೀ ಯಂತ್ರಕ್ಕೆ ದುಪ್ಪಟಿ ಹೊದಿಸಿಟ್ಟಿದ್ದಳು. ಹಿಂದಿರುಗಿಸಿದರೆ ಇನ್ನೆಂದೂ ಕೇಳಲಾರೆನಲ್ಲ ಎಂಬುದು ಬೇರೆ. ಎರಡು ಹೆದರಿಕೆಯೂ ಒಂದೇ ದುಪ್ಪಟಿಯ ಕೆಳಗಿದ್ದವು.

"ನೋಡು, ನೀನೇ ನೋಡು, ಆಮೇಲೆ ಕೇಳು!" ಎನ್ನುತ್ತ ಚೆನ್ನಾಜಮ್ಮ ದುಪ್ಪಟಿ ಎಳೆದು ಗುಂಡಿ ಒತ್ತಿಯೇಬಿಟ್ಟರು.

"ಅಕ್ಕಯ್ಯ, ನನ್ ಮೈಕ್ ಸೆಟ್..." ಅಂದರು ಸಿಂಗ್ರಯ್ಯ.

"ಸೆಟ್!" ಎಂದ ಪದಯ್ಯ. ಕಿಟಕಿ ಗಾಜು ನಡುಗಿತು. "ಪದ ಚಿಕ್ಕದು, ಸಂಸಾರ ದೊಡ್ಡದು! ನಾನೂರಕ್ಕೂ ಮೀರಿದ ಅರ್ಥ. ಮೊದಲನೆಯದು ಹಳೆಯ ಇಂಗ್ಲಿಷಿನದು: ಕೂರಿಸುವುದು."

ಕೊಡೆಕಡ್ಡಿಯ ಕೈ ಚಾಚಿಕೊಂಡು ಸಿಂಗ್ರಯ್ಯನ ಭುಜ ಹಿಡಿದು ಧೊಪ್ಪನೆ ಕುರ್ಚಿಯಲ್ಲಿ ಕೂರಿಸಿತು. ಲೋಟ ಹಾರಿತು.

"ಕೇಳ್ತಿದ್ದೀರಾ?"

"ಹೂಂ ಮಗಾ," ಅಂದರು ಚೆನ್ನಾಜಮ್ಮ, ಕಣ್ಣೊರೆಸಿಕೊಳ್ಳುತ್ತ.

"ಎರಡನೆಯದು: ಸೂರ್ಯ ಮುಳುಗುವುದು." ಪದಯ್ಯ ಗರ‍್ರನೆ ಉರುಳಿ ಕಿಟಕಿಗಳನ್ನು ದಢದಢ ಮುಚ್ಚಿ ದೀಪ ಆರಿಸಿದ. ಬೆಳಗಿನ ಎಂಟು ಗಂಟೆಗೆ ಮನೆ ಕತ್ತಲಾಯಿತು. ಶಿವನಂಜುವಿನ ಫೋಟೋದ ಮುಂದಿನ ಹಣತೆಯೊಂದೇ ಉಳಿಯಿತು. "ಕೇಳ್ತಿದ್ದೀರಾ?"

"ಹೂಂ ಮಗಾ!"

"ಹೆಪ್ಪುಗಟ್ಟುವುದು." ಅಡುಗೆಮನೆಯಲ್ಲಿ ಸದ್ದಾಯಿತು. ಪದಯ್ಯ ಕಾಫಿ ಡಿಕಾಕ್ಷನ್ನಿಗೆ ಒಂದು ಸೌಟು ಮೊಸರು ಬೆರೆಸಿ ಮುಚ್ಚಳ ಹಾಕಿ ಬಂದ. "ಕೇಳ್ತಿದ್ದೀರಾ?"

"ಅಯ್ಯೋ, ಹೂಂ ಕಣಪ್ಪ, ಸಾಕು!" ಅಂದರು ಸಿಂಗ್ರಯ್ಯ.

"ಮುರಿದ ಮೂಳೆ ಕೂರಿಸುವುದು!"

ಲಟಕ್! ಎಂದೋ ಮೈಕ್ ಕಂಬದಿಂದ ಬಿದ್ದಾಗ ಸೊಟ್ಟಗಾಗಿದ್ದ ಸಿಂಗ್ರಯ್ಯನ ಎಡಗೈ ಮಣಿಕಟ್ಟು ನೆಟ್ಟಗಾಯಿತು. ಅವರು ಕಿರುಚಿದ್ದು ಮೈಕಿಲ್ಲದೆಯೇ ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು.

"ಪ್ಲಗ್ ಕೀಳವ್ವ, ಪ್ಲಗ್ಗು!"

"ಪ್ಲಗ್ಗೇ ಇಲ್ಲ ಮಾವ, ಬ್ಯಾಟರಿ!" ಅಂದಳು ಶೈಲಶ್ರೀ. ಯಂತ್ರದ ಬೆನ್ನಿಗೆ ಕೈ ಹಾಕಿದಳು. ಪದಯ್ಯ ಅವಳನ್ನೂ ಮರ್ಯಾದೆಯಾಗಿ ಕೂರಿಸಿದ.

"ಗುಂಪು ಎಂಬ ಅರ್ಥದ ಸೆಟ್ಟು ಬೇರೆ ಮನೆತನದ್ದು. ಲ್ಯಾಟಿನ್ನಿನಿಂದ ಫ್ರೆಂಚರ ಮನೆ ಹೊಕ್ಕು ಬಂದದ್ದು. ಮೂಲದಲ್ಲಿ, ಒಬ್ಬರ ಹಿಂದೆ ಹೋಗುವವರು. ಅದು ಆಮೇಲೆ. ಈಗ ಮುಂದಿನದು: ಬೆಂಕಿ ಹಚ್ಚುವುದು. ಕೇಳ್ತಿದ್ದೀರಾ?"

ಅವನ ಕೈ ಹಣತೆಯತ್ತ ಚಾಚಿತ್ತು. ಪಕ್ಕದಲ್ಲೇ ಕಿಟಕಿಯ ಪರದೆ.

ಆಗ ಶೈಲಶ್ರೀಗೆ ಹೊಳೆಯಿತು. ಶಿವನಂಜುವಿನ ಅಜ್ಜಿ ಕತೆ ಹೇಳುವಾಗ ಮೊಮ್ಮಗ ಹೂಂಗುಟ್ಟಬೇಕಿತ್ತು. ಹೂಂ ಇದ್ದಷ್ಟೂ ಕತೆ. ಹೂಂ ನಿಂತರೆ ಮಗು ಮಲಗಿತೆಂದು ಕತೆಯೂ ನಿಲ್ಲುತ್ತಿತ್ತು. ಮದುವೆಯಾದ ಮೇಲೆ ಶಿವನಂಜು ರಾತ್ರಿ ಅವಳಿಗೆ ಪದಗಳ ಕತೆ ಹೇಳಿದ್ದೂ ಅದೇ ಕ್ರಮದಲ್ಲಿ. ಯಂತ್ರಕ್ಕೂ ಅದನ್ನೇ ಕಲಿಸಿದ್ದಾನೆ!

"ಅತ್ತೆ, ಹೂಂ ಅನ್ಬೇಡಿ! ಸುಮ್ನಿದ್ರೆ ನಿಲ್ಲುತ್ತೆ!"

"ನನ್ ಮಗ ಕೇಳ್ತಾವ್ನಲ್ಲೇ! ಹೆಂಗೆ ಸುಮ್ಕಿರ‍್ಲಿ?" ಚೆನ್ನಾಜಮ್ಮನ ಬಾಯಿ ಆಗಲೇ ಹೂಂ ಆಕಾರಕ್ಕೆ ಬಂದಿತ್ತು. ಶೈಲಶ್ರೀ ಹಾರಿ ಅತ್ತೆಯ ಬಾಯಿಗೆ ಅಂಗೈ ಒತ್ತಿದಳು. ಸಿಂಗ್ರಯ್ಯ ನೆಟ್ಟಗಾದ ಕೈಯಿಂದಲೇ ತಮ್ಮ ಬಾಯಿ ಮುಚ್ಚಿಕೊಂಡರು.

"ಕೇಳ್ತಿದ್ದೀರಾ?"

ಯಾರೂ ಉಸಿರೆತ್ತಲಿಲ್ಲ. ಪದಯ್ಯ ಹಾರ್ನು ತಿರುಗಿಸಿ ಒಬ್ಬೊಬ್ಬರನ್ನೇ ನೋಡಿದ. ಆಮೇಲೆ ದನಿ ತಗ್ಗಿತು. ಪಾಠದ ದನಿಯಲ್ಲ, ದಿಂಬಿನ ಪಕ್ಕದ ದನಿ.

"ಶೈಲಾ, ನಿದ್ದೆ ಬಂತಾ?"

ಅವಳ ಗಂಟಲಿನವರೆಗೆ ಹೂಂ ಬಂತು. ಅದೊಂದು ಬಂದರೆ ಇನ್ನೂ ನಾನೂರು ಅರ್ಥ ಕೇಳಬಹುದಿತ್ತು. ಪರದೆ ಹತ್ತಿಕೊಂಡರೂ ಸರಿ, ಕೇಳಬಹುದಿತ್ತು. ಅವಳು ತುಟಿ ಕಚ್ಚಿಕೊಂಡಳು. ಅವಳ ಅಂಗೈ ಕೆಳಗೆ ಅತ್ತೆಯ ತುಟಿಯೂ ನಡುಗುತ್ತಿತ್ತು.

"ಸರಿ, ಮಲಕ್ಕೋ. ಉಳಿದದ್ದು ನಾಳೆ."

ಪದಯ್ಯನ ಕೈ ಹಣತೆಯಿಂದ ಹಿಂದೆ ಬಂತು. ನೆಲದಲ್ಲಿದ್ದ ದುಪ್ಪಟಿ ಎತ್ತಿ, ಕತ್ತಲಲ್ಲಿ ಹೆಂಡತಿಯೆಂದು ತಿಳಿದು, ಸಿಂಗ್ರಯ್ಯನಿಗೆ ಗಲ್ಲದವರೆಗೂ ಹೊದಿಸಿದ. ತಲೆ ಸವರಿದ. ಆಮೇಲೆ ತಾನೂ ಮಲಗಿದ. ಹಾರ್ನಿನಲ್ಲಿ ಶಿವನಂಜುವಿನ ಗೊರಕೆ ಇಡೀ ಬಡಾವಣೆಗೆ ಹರಡಿತು!

ಪಕ್ಕದ ಮನೆಯಿಂದ ಯಾರೋ ನಡುಗುತ್ತ ಕೂಗಿದರು: "ಚೆನ್ನಾಜಕ್ಕಾ... ಮೇಷ್ಟ್ರು ಯಾವಾಗ ಬಂದ್ರು?"

ಶೈಲಶ್ರೀಗೆ ನಗು ಬಂತು. ಕೈ ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರಾಡಿತು. ಇಷ್ಟು ದಿನ ಒಂದು ಹನಿಯೂ ಬಂದಿರಲಿಲ್ಲ.

ಚೆನ್ನಾಜಮ್ಮ ಗೊರಕೆಯನ್ನು ಸ್ವಲ್ಪ ಹೊತ್ತು ತಲೆ ವಾಲಿಸಿ ಕೇಳಿದರು. "ಮಲೀಕಳ್ಳಿ ಬುಡು. ಮಾತಾಡಿ ಮಾತಾಡಿ ದಣಿದವ್ನೆ," ಎಂದರು. ಕಿಟಕಿ ತೆರೆದರು. "ಇವರ ಸಾಮಾನು ಇವರಿಗೆ ಕೊಡವ್ವ. ಯಾರದೋ ಮದ್ವೆ ಕೆಡೋದು ಬ್ಯಾಡ."

ಶೈಲಶ್ರೀ ನಿಧಾನವಾಗಿ ಒಂದೊಂದೇ ತಂತಿ ಬಿಚ್ಚಿದಳು. ಗೊರಕೆ ತೆಳುವಾಗುತ್ತ ನಿಂತಿತು. ಆಂಪ್ಲಿಫೈಯರನ್ನು ಸೆರಗಿನಿಂದ ಒರೆಸಿ, ಹಾರ್ನನ್ನು ಕಂಕುಳಲ್ಲಿಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಬೀದಿ ದಾಟಿ, ಎಲ್ಲವನ್ನೂ ಸಿಂಗ್ರಯ್ಯನ ಮನೆ ಮುಂದಿನ ಮೈಕ್ ಅಂಗಡಿಯ ಮೇಜಿನ ಮೇಲಿಟ್ಟಳು.

ಸಿಂಗ್ರಯ್ಯ ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡಿಕೊಂಡು, ಹಾರ್ನಿನೊಳಗೆ ಅನುಮಾನದಿಂದ ಇಣುಕಿದರು. "ಧಾರೆ ಹೊತ್ನಲ್ಲಿ ಇದ್ರೊಳ್ಗಿಂದ ಮೇಷ್ಟ್ರು ಗೊರ‍್ಕೆ ಬರಾಕಿಲ್ಲ ತಾನೇ, ತಾಯಿ?"

"ಬಂದ್ರೆ ಎಬ್ಬಿಸ್ಬೇಡಿ, ಮಾವ," ಅಂದಳು ಶೈಲಶ್ರೀ.