ಎಕ್ಸ್ ಮತ್ತು ಮನೆಯವರು

ಹೆಸರಿಡುವ ವಿಷಯದಲ್ಲಿ ನಾನು ಮೊದಲಿನಿಂದಲೂ ಜಿಪುಣ. ಅರವತ್ತರ ದಶಕದ ಕೊನೆಗೆ ಧಾರವಾಡದಲ್ಲಿ ಗಣಿತ ಕಲಿಸುತ್ತ, ಮುಂಬಯಿಯ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದ ಕಾಲದಲ್ಲೂ ಆ ಗುಣ ಬಿಡಲಿಲ್ಲ. ಯಂತ್ರ ಲೆಕ್ಕ ಮಾಡಬೇಕಾದ ಪ್ರತಿಯೊಂದಕ್ಕೂ ನಾವೊಂದು ಹೆಸರು ಕೊಡಬೇಕು. ನಾನು ಮಳೆಗೆ ಎಕ್ಸ್ ಎಂದೆ. ನಾಲ್ಕು ಸಾಲು ದಾಟಿದ ಮೇಲೆ ಜೋಳದ ಬೆಳೆಗೂ ಅದನ್ನೇ ಇಟ್ಟೆ. ಎಷ್ಟು ಚಿಕ್ಕದಾಗಿ ಮುಗಿಸಿದೆ ಎಂಬ ಜಂಬ ಬೇರೆ.

ಆ ಪ್ರೋಗ್ರಾಮ್ ಸಹೋದ್ಯೋಗಿ ಪಾಟೀಲರ ಪಿಎಚ್‌ಡಿಗೆಂದು ಬರೆದದ್ದು. ಮುಂಬಯಿಯಿಂದ ಉತ್ತರ ಬಂತು: ನಮ್ಮ ಜಿಲ್ಲೆಯಲ್ಲಿ ಮಳೆ ಎಷ್ಟು ಬಿತ್ತೋ ಜೋಳವೂ ಕರಾರುವಾಕ್ಕಾಗಿ ಅಷ್ಟೇ ಬೆಳೆದಿತ್ತು. ಪ್ರಬಂಧ ಒಪ್ಪಿಸಲು ಅವರಿಗಿದ್ದದ್ದು ಅದೊಂದೇ ತಿಂಗಳು. ನಾನೋ ಜ್ವರದಲ್ಲಿ ಮಲಗಿದ್ದೆ. ಪಾಟೀಲರು ಹಾಸಿಗೆಯ ಪಕ್ಕ ಕುಳಿತು, "ಸರ್ರ, ಈ ಸಾಲಿನ್ಯಾಗಿನ ಎಕ್ಸ್ ಅಂದ್ರ ಮಳೀನೋ, ಜ್ವಾಳಾನೋ? ಅಷ್ಟ ಹೇಳ್ರಿ," ಎಂದರು. ಬರೆದ ನನಗೇ ತಿಳಿಯಲಿಲ್ಲ. ಅವರ ಬಾಡಿದ ಮುಖ ನೋಡಿ ನಿಜಕ್ಕೂ ಸಂಕಟವಾಯಿತು.

ಜ್ವರವೂ ಇಳಿಯಲೊಲ್ಲದು. ಹೆಂಡತಿ ದವಾಖಾನೆಯಿಂದ ತಂದ ಔಷಧಿ ಕುಡಿದರೆ ಹೊಟ್ಟೆ ಮಾತ್ರ ತೊಳೆದುಹೋಗುತ್ತಿತ್ತು. ವಿಚಾರಿಸಿದಾಗ ತಿಳಿಯಿತು: ಕಂಪೌಂಡರ್ ರೋಗಿಯ ಹೆಸರು ಕೇಳಿದರೆ ಈಕೆ ಗಂಡನ ಹೆಸರು ಹೇಳಲು ನಾಚಿ, "ನಮ್ಮ ಮನಿಯವರದ್ರಿ" ಎಂದಿದ್ದಳು. ಹಿಂದೆ ನಿಂತ ಹೆಂಗಸೂ ಅದನ್ನೇ ಹೇಳಿದ್ದಳು. ಆತ ಎರಡೂ ಬಾಟಲಿಗೆ 'ಮನೆಯವರು' ಎಂದು ಚೀಟಿ ಅಂಟಿಸಿದ್ದ. ಹೊಟ್ಟೆ ಕಟ್ಟಿದ ಯಾರೋ ಪುಣ್ಯಾತ್ಮ ನನ್ನ ಜ್ವರದ ಔಷಧಿ ಕುಡಿಯುತ್ತ ಕುಳಿತಿದ್ದ.

ಆಗ ನನಗೆ ಎಕ್ಸಿನ ಪಾಪ ಅರ್ಥವಾಯಿತು. ಸರಿಯಾದ ಔಷಧಿ ಬಂದು ಜ್ವರ ಬಿಟ್ಟ ದಿನವೇ ಪಾಟೀಲರನ್ನು ಕರೆಸಿ ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ಮಳೆಗೆ ಮಳೆ, ಬೆಳೆಗೆ ಬೆಳೆ. ಒಂದು ಸಾಲಿಗೆ ಒಂದೇ ಕೆಲಸ. ನಾನು ಎಚ್ಚರ ತಪ್ಪಿ ಬಿದ್ದರೂ ಇನ್ನೊಬ್ಬರಿಗೆ ತಿಳಿಯಬೇಕು. ಆ ಪ್ರತಿಯ ಬಲದಿಂದಲೇ ಅವರು ಮುಂದೆ ಡಾಕ್ಟರ್ ಪಾಟೀಲರಾದರು.

ಅಂದು ಅದೇ ಹುರುಪಿನಲ್ಲಿ, ಪಾಟೀಲರಿಗೂ ನನಗೂ ಚಹಾ ತಂದ ಹೆಂಡತಿಗೆ ಉಪದೇಶ ಮಾಡಿದೆ: "ಇನ್ನ ಮ್ಯಾಲೆ ದವಾಖಾನ್ಯಾಗ ನನ್ನ ಹೆಸರು ಸ್ಪಷ್ಟ ಹೇಳಬೇಕು. ಜೀವದ ಪ್ರಶ್ನೆ ಇದು."

"ಹೇಳತೇನ್ರಿ," ಎಂದಳು ಆಕೆ, ಕಪ್ಪು ಇಡುತ್ತ. "ನನಗೂ ಒಂದ ಹೆಸರೈತಿ. ಲಗ್ನ ಆದಾಗಿಂದ 'ಏ, ಕೇಳತೈತೇನು' ಅನ್ನೂದ ಬಿಟ್ಟು ಅದನ್ನ ಹಿಡದ ಯಾವಾಗ ಕರದೀರಿ?"

ಗಂಟಲು ಸರಿಮಾಡಿಕೊಂಡು, "ಸುಶೀಲಾ," ಎಂದೆ.

ಪಾಟೀಲರು ಯಾರು ಬಂದರೆಂದು ಬಾಗಿಲ ಕಡೆ ತಿರುಗಿ ನೋಡಿದರು.