ಇಲಿಗೆ ಸಿಕ್ಕ ನೆಮ್ಮದಿ

ಪಂಜರದ ಬಾಗಿಲು ಹಾಕುವ ಹೊತ್ತಿನಲ್ಲಿ ಪ್ರಯೋಗಾಲಯದ ಸಹಾಯಕ ಅಕುಯಿಲಾ ಮೋಡ ನೋಡುತ್ತ ನಿಂತದ್ದೇ ಎಲ್ಲಕ್ಕೂ ಮೂಲವಾಯಿತು. ಸುವಾ ಕೊಲ್ಲಿಯ ಆಚೆ ಗುಡ್ಡದ ನೆತ್ತಿಯಲ್ಲಿ ಮಳೆ ಸುರಿಸಿ ಮುಗಿಸಿದ ಮೋಡವೊಂದು ಹೊಟ್ಟೆ ತುಂಬಿದ ಹಂದಿಯ ಹಾಗೆ ಅಡ್ಡಾಗಿತ್ತು. ಅದು ಮಗ್ಗುಲು ಬದಲಿಸೀತೇ ಎಂದು ಕಾಯುತ್ತ ಅವನ ಕೈ ಚಿಲಕದ ಮೇಲೇ ಉಳಿಯಿತು. ಮೋಡ ಕರಗಿದ ಮೇಲೆ ತಿರುಗಿ ನೋಡಿದರೆ, ಬಾಲಕ್ಕೆ ನೀಲಿ ಬಣ್ಣ ಹಚ್ಚಿದ್ದ ಬಿಳಿ ಇಲಿ ಪಂಜರದಲ್ಲಿ ಇರಲಿಲ್ಲ.

ಬೇರೆ ದಿನವಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಸಂಶೋಧನೆ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸಲು ಬ್ರಿಸ್ಬೇನಿನಿಂದ ಮಿಸೆಸ್ ಪ್ರೌಸ್ ಅಂದೇ ಮಧ್ಯಾಹ್ನ ಬರುವವರಿದ್ದರು. ಪರೀಕ್ಷೆಗೆ ಒಡ್ಡಿದ್ದು ಅಕುಯಿಲಾನ ಅಜ್ಜಿಯ ಸೊಪ್ಪು. ಕಂದಾವು ದ್ವೀಪದಲ್ಲಿ ಚಂಡಮಾರುತ ಹೋದ ಮೇಲೂ ಎಲೆ ಅಲ್ಲಾಡಿದರೆ ಬೆಚ್ಚಿಬೀಳುವವರಿಗೆ, ಕಣ್ಣು ಮುಚ್ಚಲು ಹೆದರುವವರಿಗೆ ಅಜ್ಜಿ ಅದರ ರಸ ಕುಡಿಸುತ್ತಿದ್ದಳು. ಗಿಡ ತೋರಿಸಿದ ದಿನ ಆಕೆ ಮೊಮ್ಮಗನಿಗೆ ಹೇಳಿದ್ದು ಇಷ್ಟೇ: "ಇದನ್ನ ನಗೆಪಾಟಲು ಮಾಡಬೇಡ ಕಣಪ್ಪ."

ಪರೀಕ್ಷೆ ಸರಳವಾಗಿತ್ತು. ಎತ್ತರದ ಮೇಲೆ ಹಲಗೆಯ ನಾಲ್ಕು ದಾರಿ. ಎರಡಕ್ಕೆ ಗೋಡೆಯುಂಟು, ಎರಡು ಬಯಲು. ಹೆದರಿದ ಇಲಿ ಗೋಡೆಯ ಮರೆ ಬಿಟ್ಟು ಕದಲುವುದಿಲ್ಲ. ಮನಸ್ಸು ತಣ್ಣಗಿರುವ ಇಲಿ ಬಯಲಿಗೆ ಬರುತ್ತದೆ. ಅರ್ಧ ಇಲಿಗಳಿಗೆ ಸೊಪ್ಪಿನ ರಸ, ಇನ್ನರ್ಧಕ್ಕೆ ಬರಿಯ ನೀರು; ಹೀಗೆ ರಸದ ಗುಂಪು, ನೀರಿನ ಗುಂಪು ಎಂದು ಎರಡು. ಯಾವುದಕ್ಕೆ ಯಾವುದು ಎಂಬುದು ಬೆಳಿಗ್ಗೆ ಕುಡಿಸಿ ಹೋದ, ಸಂಶೋಧನೆಯ ಮುಖ್ಯಸ್ಥೆ ಡಾಕ್ಟರ್ ವಾಸಿತಿಗೆ ಮಾತ್ರ ಗೊತ್ತು.

ಅಕುಯಿಲಾ ಮೊದಲು ಓಡಿದ್ದು ಉಗ್ರಾಣಕ್ಕೆ. ಅಲ್ಲಿ ಮುನ್‌ಸಾಮಿ ಅತಿಥಿಗಳ ಸ್ವಾಗತಕ್ಕೆಂದು, ಕುಡಿದವರ ಮೈಮನ ಸಡಿಲಿಸುವ ಯಂಗೋನ ಬೇರಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡುತ್ತಿದ್ದ. ಅವನೂ ಅಕುಯಿಲಾನೂ ಭಾವ ಮೈದುನರಂತೆ ಒಬ್ಬರನ್ನೊಬ್ಬರು ಛೇಡಿಸುತ್ತ 'ತವಾಲೆ' ಎಂದು ಕರೆದುಕೊಳ್ಳುವವರು.

"ಇಲಿ ನೋಡಿದೆಯಾ?"

"ಕೂತ್ಕೋ ತವಾಲೆ. ನಿಂತವರಿಗೆ ನಾನು ಏನೂ ಹೇಳಲ್ಲ," ಎಂದ ಮುನ್‌ಸಾಮಿ, ತೆಂಗಿನ ಚಿಪ್ಪು ಮುಂದೆ ಹಿಡಿದು.

ಕೊಟ್ಟದ್ದನ್ನು ಬೇಡ ಎನ್ನುವ ಪದ್ಧತಿಯಿಲ್ಲ. ಅಕುಯಿಲಾ ಸಂಪ್ರದಾಯದಂತೆ ಚಪ್ಪಾಳೆ ತಟ್ಟಿ, ಕೆಸರು ಬಣ್ಣದ ಆ ನೀರನ್ನು ಒಂದೇ ಗುಟುಕಿಗೆ ಕುಡಿದ. ನಾಲಿಗೆ ಜೋಮು ಹಿಡಿಯಿತು. ಆಮೇಲೆ ಮುನ್‌ಸಾಮಿ ತಾನು ಇಲಿ ನೋಡಿಲ್ಲವೆಂದೂ, ಕಚೇರಿಯಲ್ಲಿ ಕೇಳುವುದು ಒಳ್ಳೆಯದೆಂದೂ ಹೇಳಿದ.

ಕಚೇರಿಯ ಲವೀನಿಯಾ ಅತ್ತೆಯ ಮುಂದೆಯೂ ಒಂದು ಬೋಗುಣಿಯಿತ್ತು. ಸ್ವಾಗತದ ಯಂಗೋನ ಹದವಾಗಿದೆಯೇ ಎಂದು ಆಕೆ ಬೆಳಗಿನಿಂದ ರುಚಿ ನೋಡುತ್ತಲೇ ಇದ್ದಳು. ಇಲಿಯ ವಿಷಯ ಬಿಟ್ಟು, ಅವನಿಗೆ ಇನ್ನೂ ಮದುವೆಯಾಗದ ವಿಷಯ ಎತ್ತಿದಳು. ಆ ಮಾತು ಮುಗಿಯುವಷ್ಟರಲ್ಲಿ ಎರಡು ಚಿಪ್ಪು ಖಾಲಿಯಾಗಿ, ಅವಳು ಹೇಳುತ್ತಿದ್ದ ಹುಡುಗಿಯೂ ಕಳೆದುಹೋದ ಇಲಿಯೂ ಅಕುಯಿಲಾನ ತಲೆಯಲ್ಲಿ ಒಂದೇ ಬಿಳಿ ಉಡುಪಿನಲ್ಲಿ ಓಡಾಡತೊಡಗಿದವು.

ಹೊರಗೆ ಬಂದರೆ ಅಂಗಳ ಬೆಳಿಗ್ಗೆಗಿಂತ ಉದ್ದವಾಗಿತ್ತು. ಒದ್ದೆ ಹುಲ್ಲಿನಿಂದ ಆವಿ ಏಳುತ್ತಿತ್ತು. ಬ್ರೆಡ್‌ಫ್ರೂಟ್ ಮರದ ಎಲೆಗಳು ಯಾರನ್ನೋ ಮಲಗಿಸುವಂತೆ ನಿಧಾನಕ್ಕೆ ತೂಗುತ್ತಿದ್ದವು. ತನಗೆ ಏನೋ ಅವಸರವಿದೆ ಎಂಬುದು ಅವನಿಗೆ ನೆನಪಿತ್ತು, ಆದರೆ ಆ ಅವಸರ ಬೇರೆ ಯಾರದೋ ಎನಿಸುತ್ತಿತ್ತು. ನೀರಿನೊಳಗೆ ನಡೆಯುವವನ ಹಾಗೆ ಹೆಜ್ಜೆ ಎತ್ತಿಡುತ್ತ ತೋಟದವರ ಶೆಡ್ಡಿಗೆ ಬಂದ.

ತೋಟದವರು ಚಾಪೆಯ ಮೇಲೆ ಸುತ್ತ ಕುಳಿತಿದ್ದರು. ಅವರ ನಡುವೆ, ಬೋಗುಣಿಯ ಅಂಚಿಗೆ ಬೆನ್ನು ಕೊಟ್ಟು, ನೀಲಿ ಬಾಲದ ಇಲಿ ಕುಳಿತಿತ್ತು. ಮೀಸೆ ಒದ್ದೆಯಾಗಿತ್ತು.

"ಬೆಳಿಗ್ಗೇನೇ ಬಂತು," ಎಂದ ಹಿರಿಯ ಸೈರುಸಿ. "ಬಂದವರಿಗೆ ಕೊಡದೆ ನಾವು ಹೇಗಪ್ಪ ಕುಡಿಯೋದು? ಮುಚ್ಚಳದಲ್ಲಿ ಹಾಕಿಕೊಟ್ವಿ. ನಿನ್ನ ಹಾಗೆ ಅದು ನಡುವೆ ಬಾಯಿ ಹಾಕಲ್ಲ."

ಅಕುಯಿಲಾ ಇಲಿಯ ಪಕ್ಕದಲ್ಲಿ ಕುಳಿತ. ಅವನ ಸರದಿ ಬಂತು. ಆಮೇಲೆ ಇಲಿಯ ಸರದಿ. ಅತಿಥಿಗಳ ಕಾರಿನ ಸದ್ದು ಕೇಳದಿದ್ದರೆ ಇಬ್ಬರೂ ಸಂಜೆಯವರೆಗೆ ಅಲ್ಲೇ ಇರುತ್ತಿದ್ದರು. ಇಲಿಯನ್ನು ಎತ್ತಿಕೊಂಡು ಹೊರಟವನು, ಅದು ಕುಡಿದ ವಿಷಯ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡ. ಆದರೆ ನೀಲಿ ಬಾಲಕ್ಕೆ ಸಿಕ್ಕಿದ್ದು ಸೊಪ್ಪಿನ ರಸವೇ ಆಗಿದ್ದರೆ, ಸ್ವಲ್ಪ ಹೆಚ್ಚಿಗೆ ಸಮಾಧಾನದಿಂದ ಇದ್ದರೆ ಅಜ್ಜಿಗೆ ನಷ್ಟವೇನು ಎಂದು ಅವನ ಮನಸ್ಸು ಜೋಗುಳ ಹಾಡಿತು.

ಮಿಸೆಸ್ ಪ್ರೌಸ್ ಮಾತು ಕಡಿಮೆಯ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಉಳಿದ ಇಲಿಗಳಲ್ಲಿ ಕೆಲವು ಗೋಡೆಗೆ ಅಂಟಿಕೊಂಡವು, ಕೆಲವು ಮೂತಿ ಚಾಚಿ, ಅಂಜುತ್ತಲೇ ಬಯಲಿಗೆ ಬಂದು ಹೋದವು. ಕೊನೆಗೆ ನೀಲಿ ಬಾಲದ ಸರದಿ. ಅದು ನಿವೃತ್ತ ಮೇಷ್ಟ್ರು ಸಮುದ್ರದ ದಂಡೆಯಲ್ಲಿ ವಾಯುವಿಹಾರ ಹೊರಟಂತೆ ಬಯಲ ತುದಿಗೆ ನಡೆದು, ಕೆಳಗಿನ ಆಳವನ್ನು ಒಮ್ಮೆ ನೋಡಿ, ನಾಲ್ಕು ಕಾಲೂ ಚಾಚಿ ಮಲಗಿತು.

"ಇಷ್ಟು ನೆಮ್ಮದಿಯ ಪ್ರಾಣಿಯನ್ನ ನಾನು ಕಂಡಿಲ್ಲ," ಎಂದರು ಮಿಸೆಸ್ ಪ್ರೌಸ್.

ಅಕುಯಿಲಾನಿಗೆ ಅಜ್ಜಿ ನಕ್ಕಂತಾಯಿತು. ಡಾಕ್ಟರ್ ವಾಸಿತಿಯ ಮುಖ ಮಾತ್ರ ಬಿಳುಪೇರಿತ್ತು.

"ಸಮಸ್ಯೆ ಏನಂದ್ರೆ," ಎಂದಳು ಆಕೆ ಮೆಲ್ಲಗೆ, "ನೀಲಿ ಬಾಲಕ್ಕೆ ನಾನು ಕೊಟ್ಟಿದ್ದು ಬರೀ ನೀರು."

ಸೊಪ್ಪಿಗಿಂತ ನೀರೇ ಮೇಲು ಎಂದಾದರೆ ಸಂಶೋಧನೆ ಅಲ್ಲಿಗೆ ಮುಗಿಯಿತು. ಅಜ್ಜಿಯ ಮದ್ದು ನಗೆಪಾಟಲೇ ಸೈ. ಗುಂಗು ಜರ್ರನೆ ಇಳಿದು ಅಕುಯಿಲಾ ಎದ್ದು ನಿಂತ.

"ಮೇಡಂ, ಸೊಪ್ಪಿನ ತಪ್ಪೇನೂ ಇಲ್ಲ. ಇಲಿ ಕುಡಿದಿದೆ."

"ಏನನ್ನ?"

"ಯಂಗೋನ. ತೋಟದವರ ಜೊತೆ. ಪಕ್ಕದಲ್ಲಿ ನಾನೂ ಇದ್ದೆ."

ಬಾಗಿಲು ಹಾಕದೆ ಮೋಡ ನೋಡಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದ. ಕೆಲಸ ಹೋಯಿತೆಂದು ತಲೆ ತಗ್ಗಿಸಿ ನಿಂತ. ಮಿಸೆಸ್ ಪ್ರೌಸ್ ಬಗ್ಗಿ, ಮಲಗಿದ ಇಲಿಯ ಮೂತಿಯನ್ನು ಮೂಸಿ ನೋಡಿದರು. ಆಮೇಲೆ ನೀಲಿ ಬಾಲವನ್ನು ಬಿಟ್ಟು ಉಳಿದವುಗಳ ಬಗ್ಗೆ ವಾಸಿತಿಯನ್ನು ವಿಚಾರಿಸಿದರು. ಅಂಜುತ್ತ ಬಯಲಿಗೆ ಬಂದವೆಲ್ಲ ರಸ ಕುಡಿದವೇ ಆಗಿದ್ದವು. ಸೊಪ್ಪು ಗೆದ್ದಿತ್ತು. ಕೆಲಸ ಮುಂದುವರಿಯಲಿ, ಸೊಪ್ಪಿನ ಪಕ್ಕದಲ್ಲಿ ಯಂಗೋನವನ್ನೂ ಇಟ್ಟು ಹೋಲಿಸಿ ನೋಡೋಣ ಎಂದರು ಮಿಸೆಸ್ ಪ್ರೌಸ್. ನಿಜ ಹೇಳಿದವನೇ ಇಲಿಗಳ ಉಸ್ತುವಾರಿಯನ್ನು ನೋಡಿಕೊಳ್ಳಲಿ ಎಂದೂ ಸೇರಿಸಿದರು.

ಅಕುಯಿಲಾ ತೇಲಿಹೋದ. ದಿನವೂ ಬೇರು ಕುಟ್ಟುವುದು, ಹಿಂಡುವುದು, ಹದ ನೋಡುವುದು. ಅದಕ್ಕೆ ಸಂಬಳ ಬೇರೆ. ಇಂಥ ಉದ್ಯೋಗ ಸ್ವರ್ಗದಲ್ಲೂ ಇರಲಾರದು ಎಂದುಕೊಂಡ.

"ಒಂದೇ ಒಂದು ಷರತ್ತು," ಎಂದರು ಮಿಸೆಸ್ ಪ್ರೌಸ್. "ಇಲಿ ನೋಡೋ ಕಣ್ಣು ತಿಳಿಯಾಗಿರಬೇಕು. ಕೈಯಲ್ಲಿ ಬೇರಿನ ವಾಸನೆಯೂ ಇರಬಾರದು. ಪರೀಕ್ಷೆ ಮುಗಿಯೋವರೆಗೂ ನೀವು ಒಂದು ಹನಿ ಯಂಗೋನ ಮುಟ್ಟೋ ಹಾಗಿಲ್ಲ."

"ಎಷ್ಟು ದಿನ?" ಎಂದು ಕೇಳಿದ ಅಕುಯಿಲಾ.

"ದಿನ ಅಲ್ಲ, ಎರಡು ವರ್ಷ," ಎಂದಳು ವಾಸಿತಿ.

ಸಂಜೆ ಅಂಗಳದಲ್ಲಿ ಚಾಪೆ ಹಾಸಿ ಸ್ವಾಗತ ನಡೆಯಿತು. ಕೊಲ್ಲಿಯ ಮೇಲೆ ಬೆಳಕು ಜೇನಿನಂತೆ ಮಂದವಾಗಿ ಹರಡಿತ್ತು. ಮಿಸೆಸ್ ಪ್ರೌಸ್ ಮೂರನೆಯ ಚಿಪ್ಪು ಮುಗಿಸಿ, ಸೈರುಸಿಯ ಮಾತಿಗೆ ಸುಮ್ಮನೆ ನಗುತ್ತಿದ್ದರು. ಸರದಿ ಅಕುಯಿಲಾನವರೆಗೆ ಬಂದಾಗ ಮುನ್‌ಸಾಮಿ ಚಿಪ್ಪನ್ನು ತನ್ನ ಕಡೆಗೇ ತಿರುಗಿಸಿಕೊಂಡ.

"ಯೋಚನೆ ಮಾಡಬೇಡ ತವಾಲೆ. ನಿನ್ನ ಪಾಲು ವ್ಯರ್ಥವಾಗೋಕೆ ಬಿಡಲ್ಲ."

ಲವೀನಿಯಾ ಅತ್ತೆ ಮರುಕದಿಂದ ಇನ್ನೊಂದು ಚಿಪ್ಪು ತುಂಬಿ ಕೊಟ್ಟಳು. ಅಕುಯಿಲಾ ಚಪ್ಪಾಳೆ ತಟ್ಟಿ ಒಂದೇ ಗುಟುಕಿಗೆ ಕುಡಿದ. ತಣ್ಣನೆಯ, ತಿಳಿಯಾದ ಮಳೆನೀರು. ಕಿಟಕಿಯೊಳಗಿಂದ ನೀಲಿ ಬಾಲದ ಗೊರಕೆ ಕೇಳಿಸುತ್ತಿತ್ತು. ಇತ್ತ ನೀರಿನ ಗುಂಪಿಗೆ ಹೊಸಬನೊಬ್ಬ ಸೇರಿದ್ದ.