ರೇವಣಪ್ಪನ ವಿಷದ ಹೂವು

ರೇವಣಪ್ಪನ ಹಿತ್ತಲಿನ ಹೂವು ಅವನ ಮನೆಯ ದೇವರನ್ನೊಂದು ಬಿಟ್ಟು ಬಾಗೇವಾಡಿಯ ಆ ಓಣಿಯ ಎಲ್ಲ ದೇವರಿಗೂ ಏರುತ್ತಿತ್ತು. ಅವನು ಕಣ್ಣುಜ್ಜಿಕೊಂಡು ಏಳುವುದರೊಳಗೆ ಮಲ್ಲಿಗೆ, ದಾಸವಾಳ ಎಲ್ಲ ಬೋಳು.

ಬೇಸತ್ತು, ಎಪ್ಪತ್ತಾರನೇ ಇಸವಿಯ ಮಳೆಗಾಲಕ್ಕೆ ಮುಂಚೆ, ಖಾನಾಪುರದ ಕಾಡಿನಲ್ಲಿ ಗಾರ್ಡ್ ಆಗಿದ್ದ ಅಳಿಯನಿಂದ ಅಗ್ನಿಶಿಖೆ ಎಂಬ ವಿಷದ ಬಳ್ಳಿಯ ಗಡ್ಡೆ ತರಿಸಿದ. ಬೇವಿನ ನೆರಳಿನಲ್ಲಿ ಅದನ್ನು ಅಡ್ಡ ಮಲಗಿಸಿ ನಾಲ್ಕು ಬೆರಳು ಮಣ್ಣು ಮುಚ್ಚಿದ. ಬಳ್ಳಿ ಹಬ್ಬಲು ತೊಗರಿ ಕಟ್ಟಿಗೆ, ಆಡು ಬಾಯಿ ಹಾಕದಂತೆ ಮುಳ್ಳಿನ ಬೇಲಿ. ಮುಟ್ಟುವಾಗೆಲ್ಲ ಕೈಗೆ ಅರಿವೆ ಚೀಲ. ತನ್ನ ಸೈಕಲ್ ಅಂಗಡಿಯ ಬಣ್ಣದಲ್ಲಿ ಬೋರ್ಡೂ ಬರೆದ: "ಇದು ವಿಷದ ಗಿಡ. ಗಡ್ಡೆ ತಿಂದವರು ಸಾಯುತ್ತಾರೆ. ಮುಟ್ಟಿದವರು ಸಾಬೂನು ಹಚ್ಚಿ ಕೈ ತೊಳೆಯದೆ ಮನೆಯೊಳಗೆ ಕಾಲಿಡಬಾರದು."

ಶ್ರಾವಣದ ಕಡೆಯ ಸೋಮವಾರ ಹೂಗಳು ಅರಳಿದವು, ಬೇವಿನ ಬುಡಕ್ಕೆ ಬೆಂಕಿ ಹತ್ತಿದ ಹಾಗೆ.

"ಹೂವಿಲ್ದ ಪೂಜಿ ಇಲ್ಲ, ಪೂಜಿ ಇಲ್ದ ಹೋಳಿಗಿ ಇಲ್ಲ. ಲಗೂ ತರ್ರಿ," ಎಂದಳು ಹೆಂಡತಿ ಕಸ್ತೂರೆವ್ವ. ರಾತ್ರಿಯಿಂದಲೇ ಹೋಳಿಗೆಯ ಕನಸು ಕಂಡಿದ್ದ ರೇವಣಪ್ಪ ಹಿತ್ತಲಿಗೆ ಓಡಿದ. ಪಕ್ಕದ ಮನೆಯ ರುಕ್ಮವ್ವ ಆಗಲೇ ಬೇಲಿಯೊಳಗಿದ್ದಳು.

"ಯಕ್ಕಾ, ವಿಷ ಐತಿ! ಬೋರ್ಡ್ ಕಾಣಲಿಲ್ಲೇನು?"

"ಗುರಪ್ಪ ಮಾಸ್ತರ ಓದಿ ಹೇಳಿದ್ರು, ಅದಕ್ಕ ಬಂದೇನಿ! ಲೋಕದ ವಿಷಾನೆಲ್ಲಾ ಕುಡದ ಶಿವಗ ನಿನ್ನ ಮಲ್ಲಿಗಿ ಎಷ್ಟ ಸಪ್ಪಗ ಹತ್ತಿತ್ತೋ ಏನೋ. ಇದನ್ನ ಮೊದಲ ಯಾಕ ಹಚ್ಚಲಿಲ್ಲಪಾ?"

ಅವಳ ಹಿಂದೆ ಬುಟ್ಟಿ ಹಿಡಿದ ಇಡೀ ಓಣಿ. ಎಲ್ಲರ ಹಿಂದೆ ಸ್ವತಃ ಮಾಸ್ತರರು.

ತಡೆಯಲು ಆಗಲಿಲ್ಲ. ಯಾರಾದರೂ ಸತ್ತರೆ ಪೊಲೀಸರು ಬರುವುದು ತನ್ನ ಮನೆಗೇ ಎಂದು ರೇವಣಪ್ಪನಿಗೆ ಹೊಳೆಯಿತು. "ಬರೇ ಕೈಲೆ ಹಿಡೀಬ್ಯಾಡ್ರಿ! ದೇವರ ತಲಿ ಮ್ಯಾಲಷ್ಟ! ಮುಡೀಬ್ಯಾಡ್ರಿ, ಕೂಸುಗಳ ಕೈಗೆ ಕೊಡಬ್ಯಾಡ್ರಿ!" ಎಂದು ಕೂಗುತ್ತ ತಾನೇ ಹೂವು ಬಿಡಿಸಿ ಎಲೆಯಲ್ಲಿ ಸುತ್ತಿಕೊಟ್ಟ. ಆ ಗದ್ದಲದಲ್ಲಿ ಕೈಗೆ ಹಾಕಿದ್ದ ಅರಿವೆ ಚೀಲ ಹರಿಯಿತು. ಒಬ್ಬೊಬ್ಬರ ಕೈಗೂ ಚರಿಗೆಯಿಂದ ನೀರು ಸುರಿದ. ಒಬ್ಬಳು ಎರಡು ಸಲ ತೊಳೆದಳು. ಸಾಬೂನಿನ ವಾಸನೆ ಚೆನ್ನಾಗಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಸಾಬೂನು ಹುಣಸೆ ಬೀಜದಷ್ಟಾಗಿತ್ತು, ನೀರಿನ ಟಾಕಿಯ ತಳ ಕಾಣುತ್ತಿತ್ತು.

ಆದರೂ ಬೇವಿನ ಹಿಂದೆ ಅಡಗಿದ್ದ ಕೊನೆಯ ಹೂವೊಂದು ಸಿಕ್ಕಿತು. ಯುದ್ಧ ಗೆದ್ದವನಂತೆ ಬಾಗಿಲಿಗೆ ಬಂದ. "ಕಸ್ತೂರಿ, ಹೂವು!"

"ಪೂಜಿ ಆಗಿ ಎರಡ ತಾಸಾತು. ರುಕ್ಮವ್ವಕ್ಕ ತನ್ನ ಹೂವಿನಾಗ ಎರಡು ಕೊಟ್ಲು. ಆ ಉಪಕಾರಕ್ಕ ಎಲ್ಲಾರನೂ ಊಟಕ್ಕ ಕರದೇನಿ."

ಒಳಗೆ ಓಣಿಯೆಲ್ಲ ಸಾಲಾಗಿ ಕುಳಿತಿತ್ತು. ತುಪ್ಪದ ವಾಸನೆಗೆ ರೇವಣಪ್ಪನ ಕಾಲು ತಾನಾಗಿಯೇ ಹೊಸ್ತಿಲ ಕಡೆ ಎದ್ದಿತು.

"ಅಲ್ಲೇ ನಿಂದರ್ರಿ! ಕೈ ತೊಳದೀರೇನು?" ಎಂದು ಕಸ್ತೂರೆವ್ವ ತಡೆದಳು.

"ನೀರೆಲ್ಲೈತಿ? ನಳ ನಾಳಿಗೆ ಬರತೈತಿ!"

"ನಮ್ಮನ್ಯಾಗೂ ಹನಿ ಇಲ್ಲಪಾ," ಎಂದು ರುಕ್ಮವ್ವ ಒಳಗಿನಿಂದಲೇ ಮರುಗಿದಳು.

"ಕುಡಿಯಾಕ ಒಂದ ಕೊಡ ಉಳದೈತಿ. ಅದು ಬಂದವರಿಗೆ ಬೇಕು," ಎಂದಳು ಕಸ್ತೂರೆವ್ವ.

ಅಷ್ಟರಲ್ಲಿ ಗುರಪ್ಪ ಮಾಸ್ತರರು ತೇಗುತ್ತ ಹೊರಬಂದು, ಆ ಕೊಡದ ಕಡೆಯ ಚರಿಗೆ ನೀರಿನಲ್ಲಿ ಎಂಜಲು ಕೈ ತೊಳೆದು, ರೇವಣಪ್ಪನ ಭುಜ ತಟ್ಟಲು ಹೋಗಿ, ಹುಷಾರಾಗಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಬೋರ್ಡ್ ಭಾಳ ಛಲೋ ಬರದಿ ತಮ್ಮಾ. ಅದರಾಗೂ ಕಡೀ ಸಾಲು!"